ಸಮೀಕ್ಷೆ ಮಾಡಿದ ಮೇಲೂ ಸಂದರ್ಶನ ಬೇಕೆ?

ದಾವಣಗೆರೆಯಲ್ಲಿ ಶಿಕ್ಷಣಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಮೇಡಂ, ಗೂಗಲ್ ಫಾರ್ಮ್‌ಗೆ ಸಾಕಷ್ಟು ಉತ್ತರಗಳು ಬಂದಿವೆ, ಕೋಷ್ಟಕಗಳೂ ಸಿದ್ಧವಾಗಿವೆ. ಇನ್ನು ಸಂದರ್ಶನವನ್ನೂ ಮಾಡಲೇಬೇಕೆ?" ಆನ್‌ಲೈನ್ ಕಲಿಕೆಯ ಮೇಲೆ ಕೆಲಸ ಮಾಡುವವರಂತೂ ಇದನ್ನು ಕೇಳದೆ ಬಿಡುವುದಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ ಮೇಲೆ ಈ ವಿಷಯ ಹಿಡಿದವರು ಬಹಳ. ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ 'ಸ್ವಯಂ' ವೇದಿಕೆಯಲ್ಲಿ ಓದಬಹುದೆಂದು 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದ ಮೇಲೆ ವಿಷಯದ ತೂಕ ಇನ್ನೂ ಹೆಚ್ಚಿದೆ.

ಬೇಕು ಎಂಬುದು ನನ್ನ ಉತ್ತರ. ಆನ್‌ಲೈನ್ ಕಲಿಕೆಯಲ್ಲಿ ಅಂಕಿಗಳಿಗೆ ಬರವಿಲ್ಲ. ಯಾರು ಯಾವಾಗ ಲಾಗಿನ್ ಆದರು, ಎಷ್ಟು ನಿಮಿಷ ವಿಡಿಯೊ ಓಡಿತು, ಎಲ್ಲಿ ನಿಲ್ಲಿಸಿದರು ಎಂಬುದೆಲ್ಲ ತಾನಾಗಿಯೇ ದಾಖಲಾಗುತ್ತದೆ. ಆದರೆ ಆ ನಿಮಿಷಗಳಲ್ಲಿ ಪರದೆಯ ಮುಂದೆ ಯಾರಿದ್ದರು, ಏನು ಮಾಡುತ್ತಿದ್ದರು ಎಂಬುದು ದಾಖಲೆಯಲ್ಲಿ ಇರುವುದಿಲ್ಲ.

ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಪದವಿ ತರಗತಿಯ ಅರ್ಥಶಾಸ್ತ್ರದ ವಿಡಿಯೊ ಪಾಠಗಳ ಲಾಗ್, ಅಂದರೆ ಇಂಥ ದಾಖಲೆ, ತಂದಿದ್ದರು. ಕೆಲವರು ಒಂದು ಪಾಠವನ್ನೂ ಬಿಡದೆ ಕೊನೆಯವರೆಗೆ ಓಡಿಸಿದ್ದರು. ವ್ಯಾಖ್ಯೆ ಕೇಳಿದ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ್ದರು, ನಕ್ಷೆ ಬಿಡಿಸಬೇಕಾದ ಪ್ರಶ್ನೆಗಳಲ್ಲಿ ಮಾತ್ರ ಸೋತಿದ್ದರು. ಸಂಖ್ಯಾಶಾಸ್ತ್ರದ ಯಾವ ಪರೀಕ್ಷೆಯೂ ಇದರ ಕಾರಣ ಹೇಳಲಿಲ್ಲ. ಆ ಗುಂಪಿನ ಹುಡುಗಿಯೊಬ್ಬಳು ಮೊಳಕಾಲ್ಮುರಿನವಳು, ರೇಷ್ಮೆ ಸೀರೆ ನೇಯುವ ಮನೆಯವಳು. ಆಕೆಯನ್ನು ಕಾಣಲು ಮನೆಗೇ ಹೋದೆವು. ಆಕೆ ಮಗ್ಗದ ಮೇಲೆ ಕುಳಿತಿದ್ದಳು. ಫೋನ್ ಪಕ್ಕದ ಕಿಟಕಿಯ ಮೇಲಿತ್ತು, ಕಿವಿಯಲ್ಲಿ ಇಯರ್‌ಫೋನ್. ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತಿತ್ತು, ಕಣ್ಣು ಅಂಚಿನ ಜರಿಯ ಮೇಲೆ. "ಬೇಡಿಕೆ ರೇಖೆ ಇಲ್ಲಿಂದ ಹೀಗೆ ಸರಿಯಿತು, ನೋಡಿ ಎನ್ನುತ್ತಾರೆ ಮೇಡಂ. ತಲೆ ಎತ್ತಿ ನೋಡಿದರೆ ಇಲ್ಲಿ ಎಳೆ ತಪ್ಪುತ್ತದೆ" ಎಂದಳು. ಲಾಗ್‌ನಲ್ಲಿ ಅವಳು ಪಾಠವನ್ನು ನೂರಕ್ಕೆ ನೂರು ನೋಡಿದವಳು. ನಿಜದಲ್ಲಿ ಅವಳು ಪಾಠವನ್ನು ಕೇಳಿದವಳು, ಅದೂ ಬಹಳ ಶ್ರದ್ಧೆಯಿಂದ.

ಆ ಒಂದು ಭೇಟಿಯಿಂದ ಪ್ರಶ್ನಾವಳಿಯೇ ಬದಲಾಯಿತು. ಪಾಠವನ್ನು ನೋಡುತ್ತೀರೋ, ಕೇಳುವುದಷ್ಟೆಯೋ? ಆ ಹೊತ್ತಿನಲ್ಲಿ ಕೈಯಲ್ಲಿ ಬೇರೆ ಕೆಲಸ ಇರುತ್ತದೆಯೇ? ಫೋನ್ ಯಾರದು? ಈ ಪ್ರಶ್ನೆಗಳೊಂದಿಗೆ ಎರಡನೆಯ ಸುತ್ತಿನ ಸಮೀಕ್ಷೆ ನಡೆದಾಗ, ಮಗ್ಗದ ಮನೆಯವರಷ್ಟೇ ಅಲ್ಲದೆ ಅಡಿಕೆ ಸುಲಿಯುವ ದಿನಗಳಲ್ಲಿ ಚನ್ನಗಿರಿ ಕಡೆಯವರೂ ಪಾಠವನ್ನು ಬರೀ ಕೇಳುತ್ತಾರೆಂದು ತಿಳಿಯಿತು. ಒಬ್ಬಳ ಮಾತು ಒಬ್ಬಳದೇ ಅಲ್ಲ ಎಂದು ತೋರಿಸಲು ಮತ್ತೆ ಅಂಕಿಗಳೇ ಬೇಕಾದವು.

ಮಾತನ್ನೂ ಹಾಗೆಯೇ ನಂಬಲಾಗುವುದಿಲ್ಲ. ನಮ್ಮ ಕಡೆಯ ಮಕ್ಕಳು ಮೇಷ್ಟರ ಎದುರು ಪಾಠ ಚೆನ್ನಾಗಿರಲಿಲ್ಲ ಎಂದು ಹೇಳುವುದಿಲ್ಲ. "ತುಂಬಾ ಉಪಯೋಗವಾಯಿತು ಸರ್" ಎಂದವನು ಎರಡನೆಯ ವಾರಕ್ಕೇ ಕೋರ್ಸ್ ಬಿಟ್ಟಿರುತ್ತಾನೆ. ಅದನ್ನು ಹೇಳುವುದು ಲಾಗ್. ಎರಡೂ ಒಪ್ಪದ ಇಂಥ ಜಾಗ ಸಿಕ್ಕರೆ ಅದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ, ಅಧ್ಯಾಯವನ್ನೇ ಅಲ್ಲಿಂದ ಆರಂಭಿಸಿ ಎನ್ನುತ್ತೇನೆ. ಸಂಶೋಧಕಿ ಜೆನಿಫರ್ ಗ್ರೀನ್ ಮತ್ತು ಸಂಗಡಿಗರು 1989ರಲ್ಲಿ ಅಂಕಿ ಮತ್ತು ಮಾತಿನ ವಿಧಾನಗಳನ್ನು ಬೆರೆಸಲು (ಇದೇ 'ಮಿಶ್ರ ವಿಧಾನ') ಐದು ಉದ್ದೇಶಗಳನ್ನು ಗುರುತಿಸಿದಾಗ, ಫಲಿತಾಂಶಗಳ ನಡುವಿನ ವಿರೋಧವನ್ನು ಹುಡುಕುವುದನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದ್ದರು. ನಮ್ಮ ಪ್ರಬಂಧಗಳಲ್ಲಿ ನನಗೆ ತೀರಾ ಅಪರೂಪವಾಗಿ ಕಾಣುವುದು ಇದೇ. ಸಮೀಕ್ಷೆಗೊಂದು ಅಧ್ಯಾಯ, ಸಂದರ್ಶನಕ್ಕೊಂದು ಅಧ್ಯಾಯ ಬರೆದು, ಅವೆರಡೂ ಒಂದನ್ನೊಂದು ಮಾತನಾಡಿಸದೆ ಮುಗಿದರೆ ಅದು ಒಂದೇ ರಟ್ಟಿನೊಳಗಿನ ಎರಡು ಪ್ರಬಂಧ.

ಮೊದಲು ಅಂಕಿ, ಆಮೇಲೆ ವಿವರಣೆಗೆ ಮಾತು. ಮೊದಲು ಮಾತು, ಆಮೇಲೆ ಪ್ರಶ್ನಾವಳಿ. ಅಥವಾ ಎರಡೂ ಒಟ್ಟಿಗೆ. ಮಿಶ್ರ ವಿಧಾನದ ಬಗ್ಗೆ ಪುಸ್ತಕ ಬರೆದ ಕ್ರೆಸ್ವೆಲ್ ಮತ್ತು ಪ್ಲಾನೊ ಕ್ಲಾರ್ಕ್ ಹೇಳುವ ಮೂರು ಮೂಲ ವಿನ್ಯಾಸಗಳು ಇವು. ಯಾವುದನ್ನು ಆರಿಸಬೇಕೆಂದು ನಿಮ್ಮ ಪ್ರಶ್ನೆಯೇ ತಿಳಿಸುತ್ತದೆ. ನಾನು ಹೆಚ್ಚು ಹೇಳಬೇಕಾಗಿ ಬರುವುದು ಬೇರೆಯೇ ಸಂಗತಿಗಳನ್ನು. ಹೆಸರು, ಸಂಖ್ಯೆ ಏನೂ ಇಲ್ಲದೆ ಫಾರ್ಮ್ ತುಂಬಿಸಿಕೊಂಡರೆ, ವಿಚಿತ್ರ ಉತ್ತರ ಕೊಟ್ಟವರನ್ನು ಆಮೇಲೆ ಹುಡುಕಲು ಆಗುವುದಿಲ್ಲ. ಆದ್ದರಿಂದ ಒಪ್ಪಿಗೆ ಪಡೆದು ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಡಿ, ಹೆಸರಿನ ಪಟ್ಟಿಯನ್ನು ಬೇರೆಯಾಗಿ ಬೀಗ ಹಾಕಿಡಿ. ಇನ್ನೊಂದು, ಆನ್‌ಲೈನ್ ಕಲಿಕೆಯ ತೊಂದರೆ ಏನೆಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ಉತ್ತರಿಸುವವರು ಸಿಗ್ನಲ್ ಇರುವವರೇ. ಜಗಳೂರು ತಾಲ್ಲೂಕಿನ ಹಳ್ಳಿಗಳಿಗೆ ಕಾಗದದ ಪ್ರಶ್ನಾವಳಿ ಹಿಡಿದು ಬಸ್ ಹತ್ತದಿದ್ದರೆ, ನಿಜವಾಗಿ ತೊಂದರೆಯಲ್ಲಿದ್ದವರು ನಿಮ್ಮ ಮಾದರಿಯಲ್ಲೇ ಇರುವುದಿಲ್ಲ.

ಹಾಗೆಂದು ಎಲ್ಲ ಅಧ್ಯಯನಕ್ಕೂ ಎರಡೂ ಬೇಕಿಲ್ಲ. ಕಾಲೇಜಿನ ಎಷ್ಟು ವಿದ್ಯಾರ್ಥಿಗಳ ಬಳಿ ಸ್ವಂತ ಫೋನ್ ಇದೆ ಎಂದಷ್ಟೇ ತಿಳಿಯಬೇಕಾದರೆ ಎಣಿಸಿದರಾಯಿತು. 2020ರಲ್ಲಿ ಚಂದನ ವಾಹಿನಿಯಲ್ಲಿ ಬಂದ ಪಾಠಗಳನ್ನು ಮಕ್ಕಳು ಹೇಗೆ ನೋಡಿದರು ಎಂದು ಈಗ ತಿಳಿಯಬೇಕಾದರೆ, ಟಿವಿಗೆ ಲಾಗ್ ಇಲ್ಲ, ಇಷ್ಟು ವರ್ಷಗಳ ಮೇಲೆ ನೋಡಿದ ಗಂಟೆಗಳ ಲೆಕ್ಕ ಕೇಳಿದರೆ ಸಿಗುವುದು ಊಹೆ. ಅಲ್ಲಿ ಮಕ್ಕಳ ಜೊತೆ, ಅವರ ತಾಯಂದಿರ ಜೊತೆ ಸಾವಧಾನವಾಗಿ ಕುಳಿತು ಮಾತನಾಡುವುದೇ ಸರಿ. ಮಿಶ್ರ ವಿಧಾನ ಎಂದು ಬರೆದರೆ ಸಂಶೋಧನೆಯ ರೂಪುರೇಷೆಗೆ (ಸಿನಾಪ್ಸಿಸ್) ಬೇಗ ಒಪ್ಪಿಗೆ ಸಿಗುತ್ತದೆ ಎಂದುಕೊಂಡು ಬರುವವರೂ ಇದ್ದಾರೆ. ಸಂದರ್ಶನದ ಯಾವ ಉತ್ತರ ಬಂದರೆ ನಿಮ್ಮ ಕೋಷ್ಟಕವನ್ನು ಮತ್ತೆ ತೆರೆಯುತ್ತೀರಿ ಎಂದು ಅವರನ್ನು ಕೇಳುತ್ತೇನೆ. ಉತ್ತರ ಇಲ್ಲದವರಿಗೆ ಸಮೀಕ್ಷೆಯೊಂದನ್ನೇ ಅಚ್ಚುಕಟ್ಟಾಗಿ ಮಾಡಲು ಹೇಳಿ ಕಳುಹಿಸುತ್ತೇನೆ.