ಕಿನ್ನಾಳದ ಬಣ್ಣದಲ್ಲಿ ಒಂದು ವಿನೈಲ್ ಗರುಡ: ಕೆಲಸ ಎಲ್ಲಿಗೆ ಬಂತು

ಫೆಬ್ರವರಿ 8
ಮನ್ನಿ ಮನೆಗೆ ಬಂತು, ವಿನೈಲ್ ಅನ್ನುವ ಮೆತ್ತನೆ ಪ್ಲಾಸ್ಟಿಕ್ಕಿನ ಬೋಳು ಗೊಂಬೆ. 7 ಇಂಚು ಎತ್ತರ, ಹಾಲಿನ ಬಿಳುಪು, ಕಣ್ಣಿಲ್ಲ, ಮೂಗಿಲ್ಲ. 2002ರಲ್ಲಿ ಪಾಲ್ ಬಡ್ನಿಟ್ಜ್ ಶುರು ಮಾಡಿದ ಕಿಡ್‌ರೋಬಾಟ್ ಕಂಪನಿ ಇದನ್ನು ಮಾರುವುದೇ ಹೀಗೆ, ಕೊಂಡವರು ತಮ್ಮ ಬಣ್ಣ ಹಚ್ಚಿಕೊಳ್ಳಲಿ ಅಂತ. ನನ್ನ ಕಪಾಟಿನಲ್ಲಿರುವ 11 ಗೊಂಬೆಗಳೂ ಬೇರೆಯವರ ಕೈಯಲ್ಲಿ ಮುಗಿದು ಬಂದವು. ಇದೊಂದಾದರೂ ಕೊಪ್ಪಳದ್ದಾಗಬೇಕು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮಾಡುವ ಬಣ್ಣದ ಕಟ್ಟಿಗೆ ಗರುಡನನ್ನು ಇದರಲ್ಲಿ ತರುತ್ತೇನೆ.

ಫೆಬ್ರವರಿ 20
ಕಿನ್ನಾಳದವರ ಹಾಗೆ ಹುಣಸೆ ಬೀಜದ ಅಂಟು ಕುದಿಸಿ, ಗೊಂಬೆಗೆ ತೆಳು ಅರಿವೆ ಅಂಟಿಸಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟೆ. ಮೂರನೇ ದಿನಕ್ಕೆ ಈರುಳ್ಳಿ ಸಿಪ್ಪೆ ಹಾಗೆ ಪೂರ್ತಿ ಎದ್ದು ಬಂತು.

ಮಾರ್ಚ್ 2
ಗೊಂಬೆಯನ್ನು ಚೀಲದಲ್ಲಿ ಹಾಕಿಕೊಂಡು ಕಿನ್ನಾಳಕ್ಕೆ ಹೋದೆ. ಚಿತ್ರಗಾರರ ಓಣಿಯ ಅಜ್ಜಾರು ಒಬ್ಬರು ಅದನ್ನು ಕೈಯಲ್ಲಿ ಹಿಡಿದು, ಹೊಟ್ಟೆ ಒತ್ತಿ, ಉಗುರಿನಿಂದ ಕೆರೆದು ನೋಡಿದರು. "ಕಟ್ಟಿಗಿ ನೀರು ಕುಡೀತೈತಿ ತಮ್ಮಾ, ಅದಕ್ಕ ಅಂಟು ಬಿಗಿ ಹಿಡೀತೈತಿ. ಇದು ಏನೂ ಕುಡಿಯಂಗಿಲ್ಲ. ಇದಕ್ಕ ಬ್ಯಾರೆ ಅಂಟ ನೋಡು" ಅಂದರು. ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಸಿಕ್ಕಿತು.

ಅವರ ಕೆಲಸ ನೋಡುತ್ತಾ ಮಧ್ಯಾಹ್ನವಾಯಿತು. ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದುಗಳಿಗೆ ಕಿಟ್ಟ ತುಂಬುತ್ತಾರೆ. ಸೆಣಬಿನ ಚಿಂದಿ ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಅಂಟು ಕೂಡಿಸಿದ ಮುದ್ದೆ ಅದು. ಸರ, ಕಿರೀಟ, ತೋಳಬಂದಿಗಳ ಗೆರೆಗಳನ್ನು ಕಲ್ಲಿನ ಪುಡಿಯ ಲೇಪದಿಂದ ಉಬ್ಬಿಸುತ್ತಾರೆ. ಬಣ್ಣಕ್ಕಿಂತ ಈ ಉಬ್ಬುಗೆರೆಯೇ ಕಿನ್ನಾಳದ ಗುರುತು ಎಂದು ನನಗೆ ಅವತ್ತು ಖಾತ್ರಿಯಾಯಿತು. ಸಾಮಾನು ಬದಲಾಗಲಿ, ಆ ಗೆರೆ ಮಾತ್ರ ಉಳಿಯಬೇಕು.

ಮಾರ್ಚ್ 23
ಸೋಪಿನ ನೀರಲ್ಲಿ ತೊಳೆದು, 600 ನಂಬರಿನ ನೀರು ಕಾಗದದಿಂದ (ನೀರು ಹಚ್ಚಿ ಉಜ್ಜುವ ನುಣುಪು ಮರಳು ಕಾಗದ) ಮೆಲ್ಲಗೆ ಉಜ್ಜಿ, ಪ್ಲಾಸ್ಟಿಕ್‌ಗೆ ಹಿಡಿಯುವ ಪ್ರೈಮರ್ ತೆಳ್ಳಗೆ ಎರಡು ಸಲ ಹೊಡೆದೆ. ಪಾದದ ಅಡಿ ಎನಾಮೆಲ್ ಬಣ್ಣ ಪರೀಕ್ಷೆಗೆ ಹಚ್ಚಿದ್ದೆ, ಹದಿನೈದು ದಿನವಾದರೂ ಬೆರಳಿಗೆ ಹತ್ತುತ್ತಿದೆ. ವಿನೈಲನ್ನು ಮೆತ್ತಗಿಡಲು ಬೆರೆಸುವ ಎಣ್ಣೆಯಂಥ ದ್ರವ್ಯ ಆ ಬಣ್ಣದೊಳಗೆ ಇಳಿದು ಅದನ್ನು ಒಣಗಗೊಡುವುದಿಲ್ಲ. ಹೀಗಾಗಿ ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನೇ ಹಿಡಿದೆ. ತಲೆಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗಾದ ಮೇಲೆ ಬಿಚ್ಚಿಕೊಂಡೆ. ಜೋರು ಮಾಡಿದರೆ ಕುತ್ತಿಗೆ ಸೀಳುತ್ತದೆ.

ಏಪ್ರಿಲ್ 13
ಗೆರೆ ಎದ್ದಿತು! ದಪ್ಪ ಅಕ್ರಿಲಿಕ್ ಪೇಸ್ಟನ್ನು ಮೆಹಂದಿ ಕೋನಿಗೆ ತುಂಬಿ, ಅಜ್ಜಾರು ಎಳೆದಂತೆ ಎದೆಗೆ ಮೂರೆಳೆ ಸರ ಹಾಕಿದೆ. ಒಣಗಿದ ಮೇಲೆ ಉಗುರಿನಿಂದ ಕೆರೆದೆ, ಅಲ್ಲಾಡಲಿಲ್ಲ. ಕಿನ್ನಾಳದವರು ತವರದ ಲೇಪ ತಿಕ್ಕಿ ಬೆಳ್ಳಿ ಹೊಳಪು ತಂದು, ಮೇಲೆ ಹಳದಿ ಕೊಟ್ಟು ಬಂಗಾರ ಮಾಡುತ್ತಾರೆ, ಅದಕ್ಕೆ ಲಾಜವಾರ ಅನ್ನುತ್ತಾರೆ. ನಾನೂ ಬೆಳ್ಳಿ ಬಣ್ಣದ ಮೇಲೆ ಪಾರದರ್ಶಕ ಹಳದಿ ಕೊಟ್ಟೆ. ನೇರ ಬಂಗಾರದ ಬಣ್ಣಕ್ಕಿಂತ ಇದಕ್ಕೆ ಎಷ್ಟೋ ಆಳವಿದೆ.

1999ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತನ್ನ 'ಗಾರ್ಡನರ್' ಗೊಂಬೆಗಳನ್ನು ತೋರಿಸಿ ಕಲಾವಿದರ ಈ ವಿನೈಲ್ ಗೊಂಬೆಗಳ ಇಡೀ ಕಲೆಗೆ ದಾರಿ ತೆರೆದ ಮೈಕಲ್ ಲಾವ್ ಕೂಡ ಅಂಗಡಿಯ ಜಿ.ಐ. ಜೋ ಸಿಪಾಯಿ ಗೊಂಬೆಗಳನ್ನು ತಿದ್ದಿಯೇ ಕೈ ಪಳಗಿಸಿಕೊಂಡದ್ದು. ಕೆಲಸ ಮಾಡುವಾಗ ಅದು ಮತ್ತೆ ಮತ್ತೆ ನೆನಪಾಗುತ್ತದೆ.

ಮೇ 4
ಬಿಸಿಲು. ಪಡುವಣ ಗೋಡೆಯ ಕಪಾಟು ಮಧ್ಯಾಹ್ನ ಮುಟ್ಟಿದರೆ ಕಾಯ್ದಿರುತ್ತದೆ, ಹಳೆಯ ಗೊಂಬೆಯೊಂದರ ಮೈ ಜಿಗುಟಾಗಿದೆ. ಅದನ್ನು ತೊಳೆದು, ಎಲ್ಲವನ್ನೂ ನಡುಮನೆಯ ಮಣ್ಣಿನ ಗೋಡೆಯ ಗೂಡಿಗೆ ಸಾಗಿಸಿದೆ. ನಮ್ಮ ಸೀಮೆಯಲ್ಲಿ ವಿನೈಲ್ ಇಡುವವರು ಗಾಜಿನ ಕಪಾಟಿಗಿಂತ ಮೊದಲು ತಂಪು ಗೋಡೆ ಹುಡುಕಬೇಕು.

ಗರುಡನ ರೆಕ್ಕೆಗಳಿಗೆ ಅಜ್ಜಾರು ತಮ್ಮದೇ ಹಗುರ ಕಟ್ಟಿಗೆಯ ತುಂಡು ಕೊಟ್ಟಿದ್ದಾರೆ. ಎಡ ರೆಕ್ಕೆ ಕೆತ್ತಿ ಆಗಿದೆ, ಅದಕ್ಕೆ ಹುಣಸೆ ಅಂಟೇ ಹಚ್ಚಿದ್ದೇನೆ. ಬಲ ರೆಕ್ಕೆ, ಕೊಕ್ಕು, ಕಣ್ಣು ಬಾಕಿ.