ನಾಲ್ಕು ಹುಡುಗಿಯರು, ಮತ್ತು 21 ತುಂಬಿದ ಮೇಲೆ ಸಿಗಬೇಕಿದ್ದ ದುಡ್ಡು

ನಮ್ಮ ಸೋದರಮಾವನ ಹತ್ತಿರ ಬೀಟಲ್ಸ್‌ನ ಮೊದಲ ಆಲ್ಬಮ್ಮಿನ ಕ್ಯಾಸೆಟ್ ಒಂದಿತ್ತು. ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದಾಗಲೆಲ್ಲ ಅದನ್ನು ಹಾಕು ಅಂತ ಮಾವನನ್ನು ಕಾಡುತ್ತಿದ್ದೆ. ಅದರಲ್ಲಿ ಎರಡು ಹಾಡು ನನಗೆ ಜಾಸ್ತಿ ಇಷ್ಟ. ಒಂದು ರಿಂಗೋ ಹಾಡುವ 'ಬಾಯ್ಸ್'. ಇನ್ನೊಂದು ಲೆನನ್ ಹಾಡುವ 'ಬೇಬಿ ಇಟ್ಸ್ ಯು'. ವರ್ಷಗಟ್ಟಲೆ ಇವು ಬೀಟಲ್ಸ್‌ನವರದೇ ಹಾಡು ಅಂದುಕೊಂಡಿದ್ದೆ. ಎರಡನ್ನೂ ಅವರಿಗಿಂತ ಮೊದಲೇ ಹಾಡಿ ಗೆದ್ದವರು ಅಮೆರಿಕದ ನಾಲ್ವರು ಕಪ್ಪು ಹುಡುಗಿಯರು ಅಂತ ತಿಳಿದದ್ದು ಕಾಲೇಜು ಮುಗಿದ ಎಷ್ಟೋ ಕಾಲದ ಮೇಲೆ. ಅವರ ಗುಂಪಿನ ಹೆಸರು ಶಿರೆಲ್ಸ್. ಅವತ್ತು ರಾತ್ರಿ ಅವರ ಹಾಡುಗಳನ್ನು ಒಂದರ ಹಿಂದೊಂದು ಕೇಳುತ್ತಾ ಕೂತವಳಿಗೆ ಬೆಳಗಾಗಿದ್ದೇ ಗೊತ್ತಾಗಲಿಲ್ಲ. ಆಮೇಲೆ ಅವರ ಕಥೆ ಓದಿದೆ. ಅದನ್ನು ಓದಿದ ಮೇಲೆ ಆ ಹಾಡುಗಳು ಮೊದಲಿನ ಹಾಗೆ ಕೇಳಿಸಲೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನ್ಯೂಜೆರ್ಸಿಯಲ್ಲಿ ಪಸೇಯಿಕ್ ಅಂತ ಒಂದು ಊರು. ಅಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿದ್ದ ಗೆಳತಿಯರು ಶರ್ಲಿ ಓವೆನ್ಸ್, ಡೋರಿಸ್ ಕೋಲಿ, ಬೆವರ್ಲಿ ಲೀ, ಆಡಿ ಹ್ಯಾರಿಸ್. ಆಡಿಯನ್ನು ಎಲ್ಲರೂ ಮಿಕಿ ಅಂತಲೇ ಕರೆಯುತ್ತಿದ್ದರು. 1957ರ ಸುಮಾರಿಗೆ ಶಾಲೆಯ ಪ್ರತಿಭಾ ಪ್ರದರ್ಶನಕ್ಕೆ ಅಂತ ಒಟ್ಟಿಗೆ ಹಾಡಿದರು. ಆಗ ಇಟ್ಟುಕೊಂಡಿದ್ದ ಹೆಸರು ಪೊಕೆಲ್ಲೋಸ್. ಹಾಡಿದ್ದು ತಾವೇ ಸೇರಿ ಕಟ್ಟಿದ ಹಾಡು, 'ಐ ಮೆಟ್ ಹಿಮ್ ಆನ್ ಎ ಸಂಡೆ'. ಯಾರೋ ಬರೆದುಕೊಟ್ಟದ್ದಲ್ಲ, ಇದನ್ನು ಮರೆಯಬೇಡಿ.

ಅವರ ಶಾಲೆಯಲ್ಲೇ ಓದುತ್ತಿದ್ದ ಒಬ್ಬ ಹುಡುಗಿ ತನ್ನ ಅಮ್ಮನ ಮುಂದೆ ಒಂದು ಸಲ ಹಾಡಿ ಅಂತ ಇವರ ಬೆನ್ನು ಬಿದ್ದಳು. ಇವರು ತಪ್ಪಿಸಿಕೊಂಡು ಓಡಾಡಿದರು. ಕೊನೆಗೆ ಒಪ್ಪಿ ಅವರ ಮನೆಯ ಹಾಲಿನಲ್ಲಿ ನಿಂತು ಹಾಡಿದರು. ಆ ಅಮ್ಮನೇ ಫ್ಲಾರೆನ್ಸ್ ಗ್ರೀನ್‌ಬರ್ಗ್. ಮನೆ, ಮಕ್ಕಳು ಅಂತ ಇದ್ದ ಗೃಹಿಣಿ. ರೆಕಾರ್ಡ್ ವ್ಯಾಪಾರವೆಂದರೆ ಪೂರ್ತಿ ಗಂಡಸರದೇ ಆಗಿದ್ದ ಕಾಲದಲ್ಲಿ ಟಿಯಾರಾ ಅನ್ನುವ ಪುಟ್ಟ ಕಂಪನಿ ಕಟ್ಟಿದ್ದರು. ಆ ಧೈರ್ಯಕ್ಕೆ ನನಗೆ ನಿಜವಾಗಿ ಗೌರವವಿದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವರ ಬಗ್ಗೆ ಕಹಿ ಮಾತೂ ಬರುತ್ತದೆ.

ಶರ್ಲಿಯ ಹೆಸರನ್ನು ಸ್ವಲ್ಪ ತಿರುಗಿಸಿ, ಆಗ ಹೆಸರು ಮಾಡಿದ್ದ ಚಾಂಟೆಲ್ಸ್ ಗುಂಪಿನ ಧಾಟಿ ಸೇರಿಸಿ, ಶಿರೆಲ್ಸ್ ಅಂತ ಹೊಸ ಹೆಸರಾಯಿತು. 1958ರಲ್ಲಿ ಆ ಶಾಲೆಯ ಹಾಡೇ ರೆಕಾರ್ಡ್ ಆಗಿ ಬಂತು. ದೊಡ್ಡ ಕಂಪನಿ ಡೆಕ್ಕಾ ಅದನ್ನು ಕೊಂಡುಕೊಂಡಿತು. ಅಮೆರಿಕದಲ್ಲಿ ಯಾವ ಹಾಡು ಎಷ್ಟು ಓಡುತ್ತಿದೆ ಅಂತ ಕ್ರಮಾಂಕ ಕೊಡುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ 49ನೇ ಜಾಗ. ಹೈಸ್ಕೂಲು ಹುಡುಗಿಯರಿಗೆ ಅದು ಸಣ್ಣದಲ್ಲ. ಆದರೆ ಆಮೇಲಿನ ರೆಕಾರ್ಡುಗಳು ಓಡಲಿಲ್ಲ, ಇವರು ಒಂದೇ ಹಾಡಿನವರು ಅಂತ ಡೆಕ್ಕಾ ಕೈಬಿಟ್ಟಿತು. ಆಗ ಫ್ಲಾರೆನ್ಸ್ ಸೆಪ್ಟರ್ ಅಂತ ಹೊಸ ಕಂಪನಿ ಶುರು ಮಾಡಿ ಹುಡುಗಿಯರನ್ನು ಕರೆದುಕೊಂಡರು. 1959ರಲ್ಲಿ ಡೋರಿಸ್ ಮುಂದೆ ನಿಂತು ಹಾಡಿದ 'ಡೆಡಿಕೇಟೆಡ್ ಟು ದ ಒನ್ ಐ ಲವ್' ಬಂತು, 83ನೇ ಜಾಗಕ್ಕೆ ನಿಂತುಹೋಯಿತು. ಎರಡು ವರ್ಷ ಬಿಟ್ಟು ಅದೇ ರೆಕಾರ್ಡನ್ನು ಮತ್ತೆ ಬಿಟ್ಟರು. ಈ ಸಲ 3ನೇ ಜಾಗ! ಹಾಡು ಅದೇ, ಗಂಟಲು ಅದೇ. ನಡುವೆ ಬದಲಾಗಿದ್ದು ಏನೆಂದರೆ ಇನ್ನೊಂದು ಹಾಡು ಬಂದುಹೋಗಿತ್ತು.

ಆ ಇನ್ನೊಂದು ಹಾಡು 'ವಿಲ್ ಯು ಲವ್ ಮಿ ಟುಮಾರೋ'.

ಬರೆದವರು ಕ್ಯಾರೋಲ್ ಕಿಂಗ್ ಮತ್ತು ಅವರ ಗಂಡ ಜೆರ್ರಿ ಗಾಫಿನ್. ಕ್ಯಾರೋಲ್‌ಗೆ ಆಗ 18, ಕೈಯಲ್ಲಿ ಕೂಸು. ಗಾಫಿನ್ ಹಗಲು ಕೆಮಿಸ್ಟ್ ಕೆಲಸ ಮಾಡಿ ರಾತ್ರಿ ಹಾಡಿನ ಸಾಲು ಬರೆಯುತ್ತಿದ್ದವರು. ಹಾಡು ಮೊದಲು ಕೇಳಿದಾಗ ಶರ್ಲಿಗೆ ಹಿಡಿಸಲಿಲ್ಲ. ಇದು ಹಳ್ಳಿಗಾಡಿನ ಬಿಳಿಯರ ಕಂಟ್ರಿ ಹಾಡಿನ ಹಾಗಿದೆ, ನಮ್ಮದಲ್ಲ ಅನಿಸಿತು. ಸೆಪ್ಟರ್‌ನ ನಿರ್ಮಾಪಕ ಲೂಥರ್ ಡಿಕ್ಸನ್ ಪಟ್ಟು ಹಿಡಿದು ಒಪ್ಪಿಸಿದರು. ತಂತಿವಾದ್ಯಗಳ ಭಾಗವನ್ನು ಕ್ಯಾರೋಲ್ ಅವರೇ ಬರೆದರು. 1960ರ ಕೊನೆಯಲ್ಲಿ ರೆಕಾರ್ಡ್ ಹೊರಬಂತು, 1961ರ ಜನವರಿ ಕೊನೆಗೆ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಒಂದನೇ ಜಾಗ. ಕಪ್ಪು ಹುಡುಗಿಯರ ಗುಂಪೊಂದು ಆ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ಇಂಥದೇ ಗುಂಪುಗಳಾದ ಸುಪ್ರೀಮ್ಸ್ ಗೆದ್ದದ್ದು ಇದಾದ ಮೇಲೆ, ರೊನೆಟ್ಸ್ ಬಂದದ್ದೂ ಆಮೇಲೆ. ದಾರಿ ಮಾಡಿಕೊಟ್ಟವರು ಇವರು.

ಹಾಡಿನಲ್ಲಿ ಇರುವುದೇನು? ಈ ರಾತ್ರಿ ನೀನು ನನ್ನವನು, ಸರಿ. ಬೆಳಗಾದ ಮೇಲೆ? ಇಷ್ಟೇ. ಒಬ್ಬ ಹುಡುಗಿ ಸುಮ್ನೆ ನೇರವಾಗಿ ಕೇಳುವ ಪ್ರಶ್ನೆ. ಅಷ್ಟು ಕೇಳಿದ್ದಕ್ಕೇ ಕೆಲವು ರೇಡಿಯೋ ಸ್ಟೇಷನ್‌ಗಳು ಇದು ಅಸಭ್ಯ ಅಂತ ಹಾಡನ್ನು ದೂರ ಇಟ್ಟವು. ಶರ್ಲಿಯ ಧ್ವನಿ ಕೇಳಿ. ತುಂಬಾ ಪಳಗಿದ ಗಾಯಕಿಯ ಧ್ವನಿಯಲ್ಲ ಅದು. ಒಂದೊಂದು ಕಡೆ ಸ್ವರ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಎಲ್ಲೂ ಗೋಗರೆಯುವುದಿಲ್ಲ, ಅಳುವುದೂ ಇಲ್ಲ. ಉತ್ತರ ಏನೇ ಬರಲಿ ಕೇಳಿಬಿಡುತ್ತೇನೆ ಅನ್ನುವ ಹಾಗೆ ಹಾಡುತ್ತಾರೆ. ಹತ್ತು ವರ್ಷದ ಮೇಲೆ ಕ್ಯಾರೋಲ್ ಕಿಂಗ್ ತಾವೇ ಇದನ್ನು ನಿಧಾನವಾಗಿ ಹಾಡಿದ್ದಾರೆ, ಅದೂ ಚೆನ್ನಾಗಿದೆ. ಆದರೆ ಆಕೆಯದು ಉತ್ತರ ಗೊತ್ತಿರುವ ಹೆಂಗಸಿನ ಹಾಡು. ಶರ್ಲಿಯದು ಇನ್ನೂ ಉತ್ತರಕ್ಕೆ ಕಾಯುತ್ತಿರುವ ಹುಡುಗಿಯದು. ನನಗೆ ಯಾವತ್ತಿದ್ದರೂ ಶರ್ಲಿಯದೇ ಮೇಲು. ಮತ್ತೆ ಈ ರೆಕಾರ್ಡಿನ ಹಿಂಬದಿಯಲ್ಲಿ ಇದ್ದ ಹಾಡು ಯಾವುದು ಗೊತ್ತಾ? 'ಬಾಯ್ಸ್'. ಅದೇ, ನಮ್ಮ ಮಾವನ ಕ್ಯಾಸೆಟ್ಟಿನದು.

ಮುಂದಿನ ಎರಡು ವರ್ಷ ಇವರದೇ ಕಾಲ. 'ಮಾಮಾ ಸೆಡ್', 'ಬೇಬಿ ಇಟ್ಸ್ ಯು' ಬಂದವು. 1962ರಲ್ಲಿ 'ಸೋಲ್ಜರ್ ಬಾಯ್' ಮತ್ತೆ ಒಂದನೇ ಜಾಗಕ್ಕೆ ಹೋಯಿತು. ಫ್ಲಾರೆನ್ಸ್ ಮತ್ತು ಡಿಕ್ಸನ್ ಬರೆದ ಹಾಡು ಅದು. ಸ್ಟುಡಿಯೋ ಸಮಯ ಸ್ವಲ್ಪ ಉಳಿದಿದೆ ಅಂತ ಕೊನೆಗೆ ಅವಸರದಲ್ಲಿ ಹಾಡಿ ಮುಗಿಸಿದ್ದು. ಶರ್ಲಿ, ಡೋರಿಸ್ ಮದುವೆಗೆ ಅಂತ ರಜೆ ತೆಗೆದುಕೊಂಡಾಗ ಅವರ ಜಾಗದಲ್ಲಿ ನಿಂತು ಹಾಡಿದವರು ಆಗಿನ್ನೂ ಹೆಸರು ಮಾಡದ ಡಿಯಾನ್ ವಾರ್ವಿಕ್. ಸೆಪ್ಟರ್ ದೊಡ್ಡ ಕಂಪನಿಯಾಯಿತು. ನಾಲ್ಕು ಹುಡುಗಿಯರ ಗಂಟಲ ಮೇಲೆ ಎದ್ದು ನಿಂತ ಕಂಪನಿ ಅದು.

1963ರ ಆಗಸ್ಟ್ 5ರ ವಿಷಯ ಒಂದು ಹೇಳಲೇಬೇಕು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟ ಜೋರಾಗಿ ನಡೆದಿತ್ತು. ಅದೇ ವರ್ಷ ಅಲ್ಲಿ ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟಿದ್ದರು, ನೀರಿನ ಪೈಪ್ ಹಿಡಿದಿದ್ದರು. ಆ ಹೋರಾಟಕ್ಕೆ ಹಣ ಕೂಡಿಸಲು ಅಲ್ಲಿನ ಮೈಲ್ಸ್ ಕಾಲೇಜಿನ ಬಯಲಿನಲ್ಲಿ ಕಪ್ಪು, ಬಿಳಿ ಜನ ಒಟ್ಟಿಗೆ ಕೂತು ನೋಡುವ ಕಾರ್ಯಕ್ರಮ ನಡೆಯಿತು. ಅದರಲ್ಲಿ ರೇ ಚಾರ್ಲ್ಸ್, ನೀನಾ ಸಿಮೋನ್, ಜಾನಿ ಮ್ಯಾಥಿಸ್ ಜೊತೆ ಶಿರೆಲ್ಸ್ ಹಾಡಿದರು. ಹುಡುಗಿಯರ ಗುಂಪು ಎಂದರೆ ಬರೀ ಹುಡುಗರ ಮೇಲಿನ ಪ್ರೀತಿ ಹಾಡಿಕೊಂಡಿದ್ದವರು ಅನ್ನುವವರಿಗೆ ನಾನು ಈ ದಿನವನ್ನು ನೆನಪಿಸುತ್ತೇನೆ.

ಈಗ ದುಡ್ಡಿನ ಮಾತು.

ಸಹಿ ಹಾಕಿದಾಗ ಇವರಿನ್ನೂ ಚಿಕ್ಕವರು. ನಿಮ್ಮ ಪಾಲಿನ ಹಣ ಒಂದು ಕಡೆ ಟ್ರಸ್ಟಿನಲ್ಲಿ ಇಡುತ್ತೇವೆ, 21 ತುಂಬಿದ ಮೇಲೆ ನಿಮ್ಮ ಕೈಗೆ ಬರುತ್ತದೆ ಅಂತ ಕಂಪನಿ ಹೇಳಿತ್ತು ಅನ್ನುವುದು ಅವರ ಮಾತು. ನಂಬಿದರು. ನಂಬದೆ ಏನು ಮಾಡುತ್ತಾರೆ? ಫ್ಲಾರೆನ್ಸ್ ಅವರ ಜೊತೆ ತಾಯಿಯ ಹಾಗೆ ನಡೆದುಕೊಂಡಿದ್ದರು. ಒಬ್ಬರ ಮನೆಯ ಹಾಲಿನಲ್ಲಿ ಹಾಡಿ ಶುರು ಮಾಡಿದವರು ಆ ಮನೆಯವರ ಹತ್ತಿರ ಲೆಕ್ಕ ಕೇಳುವುದು ಅಷ್ಟು ಸುಲಭವಲ್ಲ. ನಮ್ಮವರಂತೆ ನೋಡಿಕೊಳ್ಳುವವರ ಹತ್ತಿರ ದುಡ್ಡಿನ ಮಾತು ಎತ್ತಲು ನಾಲಿಗೆ ಏಳುವುದೇ ಇಲ್ಲ ಅಲ್ವಾ?

ಮಿಕಿ ಇವರಲ್ಲಿ ದೊಡ್ಡವರು. ಉಳಿದ ಮೂವರಿಗೂ 1962ರ ಬೇಸಿಗೆಯಲ್ಲಿ 21 ತುಂಬಿತು. ಟ್ರಸ್ಟಿನ ಹಣ ಎಲ್ಲಿ ಅಂತ ನೋಡಿದರೆ, ಹಣವೇ ಇಲ್ಲ. ರೆಕಾರ್ಡಿಂಗ್, ಪ್ರಚಾರ, ಪ್ರವಾಸದ ಖರ್ಚಿಗೆ ಹೋಯಿತು ಅನ್ನುವ ಲೆಕ್ಕ. ದೇಶದ ಒಂದನೇ ಜಾಗದ ಹಾಡು ಎರಡು ಕೊಟ್ಟವರು ಇವರು! ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವರು ಸುಮ್ಮನೆ ಕೂರಲಿಲ್ಲ. ಒಪ್ಪಂದ ಮುರಿದಿದ್ದೀರಿ ಅಂತ ಕಂಪನಿಯ ಮೇಲೆ ಕೇಸು ಹಾಕಿದರು, ಕಂಪನಿ ತಿರುಗಿ ಇವರ ಮೇಲೆ ಹಾಕಿತು. 1965ರಲ್ಲಿ ರಾಜಿಯಾಯಿತು. ಒಬ್ಬ ಹಾಡುಗಾರ್ತಿಯ ಬದುಕಿನಲ್ಲಿ ಆ ವರ್ಷಗಳ ಬೆಲೆ ಎಷ್ಟು ಅಂತ ಯೋಚಿಸಿ. 1963ರಲ್ಲಿ 'ಫೂಲಿಷ್ ಲಿಟಲ್ ಗರ್ಲ್' 4ನೇ ಜಾಗಕ್ಕೆ ಹೋಗಿತ್ತು. ಮೊದಲ ಹತ್ತರೊಳಗೆ ಬಂದ ಅವರ ಹಾಡು ಅದೇ ಕೊನೆಯದು. ಡಿಕ್ಸನ್ ಸೆಪ್ಟರ್ ಬಿಟ್ಟು ಹೊರಟರು. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದರು, ಪಟ್ಟಿ ಪೂರ್ತಿ ಬ್ರಿಟಿಷ್ ಹುಡುಗರದಾಯಿತು. ಶಿರೆಲ್ಸ್ ಹಾಡುಗಳನ್ನು ಪ್ರೀತಿಯಿಂದ ಹಾಡಿದ ಹುಡುಗರೇ ಅವರ ಜಾಗಕ್ಕೆ ಬಂದು ಕೂತರು. ಅದರಲ್ಲಿ ಬೀಟಲ್ಸ್ ತಪ್ಪು ನನಗೆ ಕಾಣುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಇವರಿಗೆ ಗಟ್ಟಿಯಾದ ಹೊಸ ಹಾಡು ಬೇಕಿತ್ತು, ಬೆನ್ನಿಗೆ ನಿಲ್ಲುವ ಕಂಪನಿ ಬೇಕಿತ್ತು. ಇದ್ದದ್ದು ಕೋರ್ಟಿನ ಕಾಗದ.

ಆಮೇಲಿನ ಕಥೆ ಬೇಗ ಹೇಳುತ್ತೇನೆ. 1968ರಲ್ಲಿ ಡೋರಿಸ್ ಸಂಸಾರ ನೋಡಿಕೊಳ್ಳಲು ಗುಂಪು ಬಿಟ್ಟರು. 1975ರಲ್ಲಿ ಶರ್ಲಿ ಒಬ್ಬರೇ ಹಾಡಲು ಹೊರಟಾಗ ಡೋರಿಸ್ ವಾಪಸ್ ಬಂದರು. 1982ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ ಕಾರ್ಯಕ್ರಮ ಮುಗಿಸಿದ ಮೇಲೆ ಮಿಕಿಗೆ ಹೃದಯಾಘಾತವಾಯಿತು. 42 ವರ್ಷ, ಅಷ್ಟೇ. ಡೋರಿಸ್ 2000ದಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಶಿರೆಲ್ಸ್ ಅನ್ನುವ ಹೆಸರಿನ ಹಕ್ಕನ್ನು ಕೊನೆಗೆ ಬೆವರ್ಲಿ ಉಳಿಸಿಕೊಂಡರು. ಹಳೆಯ ಗುಂಪುಗಳ ಹೆಸರು ಹಾಕಿಕೊಂಡು ಯಾರ್‍ಯಾರೋ ವೇದಿಕೆ ಹತ್ತುತ್ತಿದ್ದ ಕಾಲದಲ್ಲಿ ಹೆಸರು ಕಾಯುವುದೂ ಒಂದು ಕೆಲಸವೇ ಆಗಿತ್ತು.

ದುಡ್ಡಿನ ಜಗಳ ಅಲ್ಲಿಗೇ ಮುಗಿಯಲಿಲ್ಲ. ಸೆಪ್ಟರ್ ಮುಚ್ಚಿದ ಮೇಲೆ ಅದರ ಮೂಲ ಟೇಪುಗಳು ಕೈಯಿಂದ ಕೈಗೆ ದಾಟಿ ಗಸ್ಟೋ ಅನ್ನುವ ಕಂಪನಿಗೆ ಬಂದವು. ಆ ಕಂಪನಿ ಹಳೆ ಹಾಡುಗಳನ್ನು ಬೇರೆಯವರಿಗೆ ಲೈಸೆನ್ಸ್ ಕೊಟ್ಟು ಹಣ ಮಾಡಿತು. ಹಳೆಯ ಒಪ್ಪಂದದಲ್ಲಿ ಹೊರದೇಶದ ಲೈಸೆನ್ಸಿಗೆ ಹಾಡಿದವರಿಗೆ ಎಷ್ಟು ಪಾಲು ಅಂತ ಬರೆದಿತ್ತು. ಅಮೆರಿಕದ ಒಳಗಿನ ಲೈಸೆನ್ಸಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಬರೆದಿಲ್ಲ ಅಂದರೆ ಕೊಡಬೇಕಿಲ್ಲ ಅನ್ನುವುದು ಕಂಪನಿಯ ವಾದ. ಶಿರೆಲ್ಸ್, ಜೊತೆಗೆ ಇನ್ನಿಬ್ಬರು ಗಾಯಕರು ಬಿ. ಜೆ. ಥಾಮಸ್ ಮತ್ತು ಜೀನ್ ಪಿಟ್ನಿ, ಕೋರ್ಟಿಗೆ ಹೋದರು. 1991ರಲ್ಲಿ ಮೇಲಿನ ಕೋರ್ಟು ಕೂಡ ಇವರ ಪರವೇ ನಿಂತಿತು. ಶಾಲೆಯ ಆ ಪ್ರದರ್ಶನ ನಡೆದು ಆಗ ಮೂವತ್ತು ವರ್ಷ ದಾಟಿತ್ತು. ಈ ತೀರ್ಪಿನ ಬಗ್ಗೆ ಓದಿದಾಗ ನಾನು ಒಬ್ಬಳೇ ಕೋಣೆಯಲ್ಲಿ ಕೂತು ಚಪ್ಪಾಳೆ ತಟ್ಟಿದೆ. 1996ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಇವರನ್ನು ಸೇರಿಸಿದರು. ಅದು ದೊಡ್ಡ ಗೌರವವೇ. ಆದರೆ ಕೋರ್ಟಿನ ಆ ಗೆಲುವು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

2008ರಲ್ಲಿ ಪಸೇಯಿಕ್‌ನಲ್ಲಿ ಅವರು ಓದಿದ ಶಾಲೆಯ ಹತ್ತಿರದ ರಸ್ತೆಯ ಒಂದು ಭಾಗಕ್ಕೆ ಶಿರೆಲ್ಸ್ ಬುಲೆವಾರ್ಡ್ ಅಂತ ಹೆಸರಿಟ್ಟರು.

ಹೋದ ತಿಂಗಳು ಮಾವ ಮನೆಗೆ ಬಂದಿದ್ದಾಗ ಶಿರೆಲ್ಸ್ ಹಾಡಿದ 'ಬಾಯ್ಸ್' ಹಾಕಿದೆ. ಮಾವ ಕಾಫಿ ಲೋಟ ಕೆಳಗಿಟ್ಟು, "ಅಯ್ಯೋ, ಇದು ನಮ್ಮ ಹಾಡು ಕಣೇ, ಇವರು ಯಾರೇ?" ಅಂದರು. ನಾಲ್ವರ ಹೆಸರೂ ಹೇಳಿದೆ. ಆಮೇಲೆ ಅವರ ಮೊದಲ ರೆಕಾರ್ಡ್ ಹಾಕಿದೆ, ಶಾಲೆಯಲ್ಲಿ ಕಟ್ಟಿದ್ದು. ನೀವೂ ಅಲ್ಲಿಂದಲೇ ಶುರು ಮಾಡಿ. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಸಾಲು ಹಾಡುತ್ತಾರೆ, ಒಂದೊಂದು ಸಾಲಿಗೆ ವಾರದ ಒಂದೊಂದು ದಿನ. ಭಾನುವಾರ ಹುಡುಗ ಸಿಗುತ್ತಾನೆ. ಶುಕ್ರವಾರ ಬರುವುದಿಲ್ಲ. ಶನಿವಾರ ಏನೂ ಆಗದ ಹಾಗೆ ಬಂದು ನಿಲ್ಲುತ್ತಾನೆ. ಹುಡುಗಿ ಅಳುವುದಿಲ್ಲ, ಕಾರಣ ಕೇಳುವುದೂ ಇಲ್ಲ. ಹೋಗಿ ಬಾ ಅಂತ ಅವನನ್ನು ಕಳಿಸಿಬಿಡುತ್ತಾಳೆ.