ಪಕ್ಕಾ ಡಬ್ಲ್ಯುಡಿಎಂ-2 ಎಲ್ಲಿ ಸಿಗುತ್ತೆ?

"ಟ್ರೇನ್ ಸಿಮ್ಯುಲೇಟರ್‌ಗೆ ಪಕ್ಕಾ ಡಬ್ಲ್ಯುಡಿಎಂ-2 ಎಲ್ಲಿ ಸಿಗುತ್ತೆ? ಲಿಂಕ್ ಇದ್ರೆ ಕಳಿಸಿ." ನಾನು ಕಂಪ್ಯೂಟರ್‌ನಲ್ಲಿ ರೈಲಿನ ಆಟ ಆಡುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಡಬ್ಲ್ಯುಡಿಎಂ-2 ಅಂದರೆ ನಮ್ಮ ರೈಲ್ವೆಯ ಹಳೇ ಡೀಸೆಲ್ ಇಂಜಿನ್, ಇವರಿಗೆ ಬೇಕಿರುವುದು ಆಟದಲ್ಲಿ ಓಡಿಸುವ ಅದರ ಮಾಡೆಲ್. ಲಿಂಕ್ ಕಳಿಸುವುದೇನು ಕಷ್ಟವಲ್ಲ. ಆದರೆ ಎರಡು ದಿನ ಬಿಟ್ಟು ಇನ್ನೊಂದು ಮೆಸೇಜ್ ಬರುತ್ತೆ: "ನೋಡೋಕೆ ಚೆನ್ನಾಗಿದೆ, ಆದ್ರೆ ಏನೋ ಸರಿ ಇಲ್ಲ." ಆ "ಏನೋ" ಏನು ಅಂತ ಇಲ್ಲಿ ಬರೆದಿಡುತ್ತೇನೆ.

ನಾನು ಆಡುವುದು ಓಪನ್ ರೈಲ್ಸ್. ಪುಕ್ಕಟೆ ಸಿಗುತ್ತೆ. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗೆ ಮಾಡಿದ ಮಾಡೆಲ್‌ಗಳು ಇದರಲ್ಲೂ ಓಡುತ್ತವೆ. ಆ ಹಳೇ ಆಟದ ಜೊತೆ ಭಾರತದ ಇಂಜಿನ್ ಒಂದೂ ಬಂದಿರಲಿಲ್ಲ. ಅಮೆರಿಕದ ಡ್ಯಾಶ್-9 ಇತ್ತು, ಜಪಾನಿನ ರೈಲುಗಳಿದ್ದವು. ನಮ್ಮ ಇಂಜಿನ್‌ಗಳನ್ನು ಮಾಡಿದವರು ಹವ್ಯಾಸಿಗಳು. ನಿದ್ದೆಗೆಟ್ಟು ಮಾಡಿ, ಸುಮ್ನೆ ಹಂಚಿದವರು. ಹಾಗಾಗಿ ತಪ್ಪು ಕಂಡರೂ ನನಗೆ ಬೈಯಲು ಬಾಯಿ ಬರುವುದಿಲ್ಲ.

ಲಿಂಕ್ ಕೇಳಿದವರಿಗೆ ನಾನು ಮೊದಲು ತಿರುಗಿ ಕೇಳುವುದು: ಯಾವ ಡಬ್ಲ್ಯುಡಿಎಂ-2? 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದ ಇಂಜಿನ್ ಇದು. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. ಒಟ್ಟು ಎರಡೂವರೆ ಸಾವಿರಕ್ಕೂ ಜಾಸ್ತಿ ಇಂಜಿನ್. ಅಷ್ಟೂ ಒಂದೇ ಥರ ಇರಲು ಸಾಧ್ಯವೇ? ಮುಂಭಾಗದ ಗಿಡ್ಡ ಮೂತಿಯನ್ನು ತಗ್ಗಿಸಿ, ಅಗಲವಾದ ಕಿಟಕಿ ಇಟ್ಟ ಕೆಲವಿದ್ದವು, ಅವಕ್ಕೆ ಜಂಬೋ ಅಂತ ಅಡ್ಡಹೆಸರು. ಎಷ್ಟೋ ಇಂಜಿನ್‌ಗಳು ಮುಂದೆ ಪಟಿಯಾಲಾದಲ್ಲಿ ಪೂರ್ತಿ ಬಿಚ್ಚಿ ಕಟ್ಟಿಸಿಕೊಂಡು 3100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಆದವು. ಬ್ರೇಕ್ ಕೂಡ ಹಾಗೇ. ಎಂಬತ್ತರ ದಶಕದ ರೈಲು ಬೇಕಿದ್ದರೆ ವ್ಯಾಕ್ಯೂಮ್ ಬ್ರೇಕ್ ಬೇಕು, ಈಚಿನದಾದರೆ ಏರ್ ಬ್ರೇಕ್. ಇಂಜಿನ್ ಒಂದು ಕಾಲದ್ದು, ಕೋಚ್ ಇನ್ನೊಂದು ಕಾಲದ್ದು ಜೋಡಿಸಿದರೆ ಆಟದಲ್ಲಿ ರೈಲು ಸರಿಯಾಗಿ ನಿಲ್ಲುವುದೇ ಇಲ್ಲ. ಇದನ್ನು ಎಷ್ಟೋ ಜನ ಆಟದ ದೋಷ ಅಂದುಕೊಳ್ಳುತ್ತಾರೆ.

ಆಕಾರದ ವಿಷಯ ಬೇಗ ಮುಗಿಸುತ್ತೇನೆ. ಉದ್ದ 17.12 ಮೀಟರ್, ಹೊಸ ಗಾಲಿಯ ವ್ಯಾಸ 1092 ಮಿಲಿಮೀಟರ್. ಬೋಗಿ ನೋಡಿ. (ಬೋಗಿ ಅಂದರೆ ಇಲ್ಲಿ ನಾವು ಕೂರುವ ಡಬ್ಬಿ ಅಲ್ಲ, ಇಂಜಿನ್‌ನ ಅಡಿಯಲ್ಲಿರುವ ಗಾಲಿಯ ಚೌಕಟ್ಟು.) ಡಬ್ಲ್ಯುಡಿಎಂ-2ರಲ್ಲಿ ಮೂರು ಆಕ್ಸಲ್‌ಗಳ ನಡುವಿನ ಅಂತರ ಸಮ ಇರುವುದಿಲ್ಲ. ಸಮ ಇದ್ದರೆ ಬೇರೆ ಯಾವುದೋ ಇಂಜಿನ್‌ನ ಬೋಗಿ ತಂದು ಕೂರಿಸಿದ್ದಾರೆ ಅಂತ ಲೆಕ್ಕ. ಇನ್ನು ಆಟದ ಮೂಲ ಹಳಿಯ ಅಗಲ 1435 ಮಿಲಿಮೀಟರ್, ನಮ್ಮದು 1676. ಒಂದು ಗೇಣಿನಷ್ಟು ವ್ಯತ್ಯಾಸ. ನಮ್ಮ ಬ್ರಾಡ್‌ಗೇಜ್ ಹಳಿ ಇರುವ ರೂಟ್ ಹಾಕಿಕೊಳ್ಳದಿದ್ದರೆ ಎಂಥ ಒಳ್ಳೆ ಮಾಡೆಲ್ ಆದರೂ ಗಾಲಿ ಹಳಿಯ ಹೊರಗೆ ತೇಲುತ್ತಿರುತ್ತೆ.

ಅಸಲಿ ಸಮಸ್ಯೆ ಕಣ್ಣಿಗೆ ಕಾಣುವುದಿಲ್ಲ. ನನಗೆ ಅದು ಗೊತ್ತಾಗಿದ್ದು ಪಕ್ಕದ ಮನೆಯ ಅಂಕಲ್‌ನಿಂದ. ಲೋಕೊ ಪೈಲಟ್ ಆಗಿ ರಿಟೈರ್ ಆದವರು. ಒಂದು ಭಾನುವಾರ ಹೊಸ ಮಾಡೆಲ್ ತೋರಿಸೋಣ ಅಂತ ಕರೆದು ಕೂರಿಸಿದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ ಕಡೆಗೆ ಘಾಟ್ ಹತ್ತಿಸುತ್ತಿದ್ದೆ, ಹಿಂದೆ 18 ಕೋಚ್. ಬಣ್ಣ, ನಂಬರು ಎಲ್ಲ ನೋಡಿ ತಲೆದೂಗಿದರು. ಆಮೇಲೆ ಸ್ಪೀಡ್ ನೋಡಿದರು. 50 ದಾಟಿತ್ತು.

"ಘಾಟಲ್ಲಿ ಐವತ್ತಾ? ಇದು ಆಲ್ಕೋನೋ ಮೋಟರ್ ಬೈಕೋ?"

"ಏನು ತಪ್ಪಾಗಿದೆ ಅಂಕಲ್?"

"ಲೆಕ್ಕ ಹಾಕಪ್ಪ, ನೀನು ಇಂಜಿನಿಯರ್ ಅಲ್ವಾ."

ಹಾಕಿದೆ. 18 ಕೋಚ್, ತಲಾ 50 ಟನ್ ಅಂದರೆ 900. ಇಂಜಿನ್ 112.8. ಒಟ್ಟು ಸಾವಿರ ಟನ್ ಚಿಲ್ಲರೆ. ಅಲ್ಲಿನ ಏರು 50ಕ್ಕೆ 1, 50 ಮೀಟರ್ ಹೋದರೆ 1 ಮೀಟರ್ ಮೇಲೆ. ಅಂದರೆ ತೂಕದ ಐವತ್ತನೇ ಒಂದು ಭಾಗ, ಸುಮಾರು 20 ಟನ್, ರೈಲನ್ನು ಹಿಂದಕ್ಕೆ ಜಗ್ಗುತ್ತಿರುತ್ತೆ. ಗಾಲಿಯ ತಿಕ್ಕಾಟಕ್ಕೆ ಇನ್ನೊಂದು ಎರಡೂವರೆ ಟನ್ ಸೇರಿಸಿ. ಡಬ್ಲ್ಯುಡಿಎಂ-2ರ ಶಕ್ತಿ 2600 ಅಶ್ವಶಕ್ತಿ, ಅಂದರೆ 1939 ಕಿಲೋವ್ಯಾಟ್. ಅಷ್ಟೂ ಗಾಲಿಗೇ ಬಂತು ಅಂದುಕೊಂಡರೂ ಗಂಟೆಗೆ 31 ಕಿಲೋಮೀಟರ್. ಜನರೇಟರ್, ಮೋಟರ್‌ಗಳಲ್ಲಿ ಸೋರಿಹೋಗುವುದನ್ನು ಕಳೆದರೆ 25ರ ಆಸುಪಾಸು. ನಿಜವಾದ ಘಾಟ್‌ನಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಹಾಕುವುದು ಸುಮ್ನೆ ಅಲ್ಲ.

ಹಾಗಾದರೆ 50 ಎಲ್ಲಿಂದ ಬಂತು? ಮಾಡೆಲ್‌ನ ಫೋಲ್ಡರ್‌ನಲ್ಲಿ ಇಎನ್‌ಜಿ ಅಂತ ಕೊನೆಯಾಗುವ ಒಂದು ಫೈಲ್ ಇರುತ್ತೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ತೆರೆದರೆ ಮ್ಯಾಕ್ಸ್‌ಪವರ್ ಮುಂದೆ 3281 ಕಿಲೋವ್ಯಾಟ್. ಅಂದರೆ 4400 ಅಶ್ವಶಕ್ತಿ. ಡ್ಯಾಶ್-9! ಮೈಮೇಲೆ ನಮ್ಮ ಬಣ್ಣ, ಹೊಟ್ಟೆಯೊಳಗೆ ಅಮೆರಿಕದ ಇಂಜಿನ್. ಆಟದ ಜೊತೆ ಬಂದ ಫೈಲನ್ನೇ ನಕಲು ಮಾಡಿ ಹೆಸರು ಬದಲಿಸಿದ್ದರು. ಇಂಥವು ಒಂದೆರಡಲ್ಲ.

ಇದನ್ನು ನೀವೇ ಸರಿ ಮಾಡಬಹುದು. ಮೂಲ ಫೈಲ್‌ನ ಒಂದು ಕಾಪಿ ಎತ್ತಿಟ್ಟುಕೊಳ್ಳಿ. ತೂಕ 112.8 ಟನ್ ಮಾಡಿ. ಮ್ಯಾಕ್ಸ್‌ಫೋರ್ಸ್ ಅಂದರೆ ಗರಿಷ್ಠ ಎಳೆತ, ಅದು 30.45 ಟನ್, ಫೈಲ್‌ನಲ್ಲಿ 298 ಕಿಲೋನ್ಯೂಟನ್ ಅಂತ ಬರೆಯಬೇಕು. ಪವರ್‌ಗೆ ನಾನು ಸೋರಿಕೆ ಕಳೆದು 1650 ಕಿಲೋವ್ಯಾಟ್ ಇಟ್ಟಿದ್ದೇನೆ. ಸೇವ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ನಾನು ಮೊದಲ ಸಲ ಅದನ್ನು ಮರೆತು, ಇಂಜಿನ್ ಯಾಕೆ ಲೋಡ್ ಆಗುತ್ತಿಲ್ಲ ಅಂತ ಒಂದು ರಾತ್ರಿ ಪೂರ್ತಿ ತಲೆ ಕೆರೆದುಕೊಂಡೆ.

ಹುಬ್ಬಳ್ಳಿ ಕಡೆಯವರು ಕೇಳುವುದು ಡಬ್ಲ್ಯುಡಿಪಿ-4. ಅಲ್ಲಿನ ಡೀಸೆಲ್ ಇಂಜಿನ್ ಶೆಡ್‌ಗೇ ಮೊದಲು ಬಂದ ಇಂಜಿನ್, ಅಭಿಮಾನ ಇರುವುದು ಸಹಜ. 4000 ಅಶ್ವಶಕ್ತಿ. ಆದರೆ ಆಕ್ಸಲ್ ಆರಿದ್ದರೂ ಮೋಟರ್ ಇರುವುದು ನಾಲ್ಕಕ್ಕೆ ಮಾತ್ರ. ಜಾಸ್ತಿ ಲೋಡ್ ಹಾಕಿ ಎಳೆಸಿದರೆ ಗಾಲಿ ಜಾರಬೇಕು. ಜಾರದೆ ಹೊರಟರೆ ಮಾಡೆಲ್ ಮಾಡಿದವರು ಆರಕ್ಕೂ ಮೋಟರ್ ಹಾಕಿದ್ದಾರೆ ಅಂತ ಅರ್ಥ. ಕ್ಯಾಸಲ್ ರಾಕ್ ಘಾಟ್ ಓಡಿಸುವವರು ಇದನ್ನು ಬಿಟ್ಟು ಆರಕ್ಕೂ ಮೋಟರ್ ಇರುವ ಡಬ್ಲ್ಯುಡಿಜಿ-4 ಹುಡುಕಿ. ಅಲ್ಲಿ ಏರು 37ಕ್ಕೆ 1.

ಕೊನೆಗೆ ಸದ್ದು. ಇದು ನೋಟ್‌ಪ್ಯಾಡ್‌ನಲ್ಲಿ ತಿದ್ದುವಂಥದ್ದಲ್ಲ. ಆಲ್ಕೋ ಫೋರ್ ಸ್ಟ್ರೋಕ್, 16 ಸಿಲಿಂಡರ್. ನಿಂತಾಗ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ (ನಾಚ್ ಅಂದರೆ ಥ್ರಾಟಲ್ ಹಿಡಿಯ ಒಂದೊಂದು ಹಂತ, ಎಂಟೇ ಕೊನೆಯದು) 1000. ನಿಂತಲ್ಲಿ ಕುಂಟುವ ಕುದುರೆಯ ಹಾಗೆ ಗುಡುಗುಡು ಅನ್ನುತ್ತೆ, ಲಯ ಆಗಾಗ ತಪ್ಪಿದ ಹಾಗೆ ಕೇಳುತ್ತೆ. ನಾಚ್ ಏರಿಸಿದರೆ ಮೊದಲು ಕರಿ ಹೊಗೆ, ಆಮೇಲೆ ಟರ್ಬೋದ ಶಿಳ್ಳೆ. ಡಬ್ಲ್ಯುಡಿಪಿ-4 ಟೂ ಸ್ಟ್ರೋಕ್, ಅದರದ್ದು ಒಂದೇ ಸಮನೆ ಗುಂಯ್. ಡೌನ್‌ಲೋಡ್ ಮಾಡಿದ ಮಾಡೆಲ್‌ನ ಸೌಂಡ್ ಫೋಲ್ಡರ್ ಖಾಲಿ ಇದ್ದರೆ ಸದ್ದೂ ಡ್ಯಾಶ್-9ರದ್ದೇ ಎರವಲು ಇರಬಹುದು. ಹಾರನ್ ಒತ್ತಿ ನೋಡಿ, ಅಮೆರಿಕದ ಬಯಲಲ್ಲಿ ಕೂಗಿದ ಹಾಗೆ ಕೇಳಿದರೆ ಸಂಶಯವೇ ಬೇಡ.

ಲಿಂಕ್ ಕೇಳಿದವರಿಗೆ ನಾನೀಗ ಕಳಿಸುವುದು ಒಂದು ಮಾಡೆಲ್ ಮತ್ತು ನಾನು ತಿದ್ದಿದ ಅಂಕಿಗಳು. ಮಾಡೆಲನ್ನು ಮಾತ್ರ ಅದನ್ನು ಮಾಡಿದವರ ಪುಟದಿಂದಲೇ ಇಳಿಸಿಕೊಳ್ಳಿ ಅನ್ನುತ್ತೇನೆ. ಒಳಗಿನ ರೀಡ್‌ಮಿ ಫೈಲ್‌ನಲ್ಲಿ ಮರುಹಂಚಿಕೆ ಬೇಡ ಅಂತ ಬರೆದಿದ್ದಾರೆ.

ತಿದ್ದಿದ ಮೇಲೆ ಅಂಕಲ್‌ನ ಮತ್ತೆ ಕರೆದೆ. ಅದೇ 18 ಕೋಚ್, ಅದೇ ಘಾಟ್. 26ರಲ್ಲಿ ತೆವಳಿತು. "ಹ್ಞಾಂ, ಈಗ ಬಂತು" ಅಂದರು. ಆಮೇಲೆ ಕ್ಯಾಬ್ ಒಳಗೆ ಹೋಗಿ ತೋರಿಸು ಅಂದರು. ಅಲ್ಲಿ ಡಯಲ್ ಇನ್ನೂ ಮೈಲಿ ಲೆಕ್ಕದಲ್ಲಿತ್ತು.